ಮಳೆಯ ಲೆಕ್ಕ

ಯೂರೋಪಿನ ಉತ್ತರದಲ್ಲಿರುವ ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಮಳೆ, ಹಿಮಗಳೆಲ್ಲ ಸೇರಿ ವರ್ಷಕ್ಕೆ ಬೀಳುವ ನೀರು ಸುಮಾರು 550 ಮಿಲಿಮೀಟರು. ಬರದ ನಾಡೆಂದು ಹೆಸರಾದ ಚಿತ್ರದುರ್ಗ ಸೀಮೆಯ ಸರಾಸರಿ ಮಳೆಯೂ ಹೆಚ್ಚುಕಡಿಮೆ ಅಷ್ಟೇ! ಆದರೂ ಅಲ್ಲಿ ಕಾಡುಗಳೂ ಸರೋವರಗಳೂ ತುಂಬಿವೆ. ಇಲ್ಲಿ ರೈತನು ಹಣೆಗೆ ಕೈಯನ್ನು ಅಡ್ಡವಿಟ್ಟು ಮುಗಿಲನ್ನು ನೋಡುತ್ತಾನೆ. ಇದೆಂತಹ ವಿಚಿತ್ರ!

ಸ್ವೀಡನ್ನಿನಲ್ಲಿ ಮಳೆಯು ವರ್ಷದ ಎಲ್ಲ ತಿಂಗಳುಗಳಿಗೂ ಹಂಚಿಹೋಗಿದೆ. ಚಳಿಗಾಲದ ನಡುವೆ ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೇ ಸೂರ್ಯನು ಮುಳುಗುತ್ತಾನೆ. ಉತ್ತರದ ಕಾಡುಗಳಲ್ಲಿ ಬಿದ್ದ ಹಿಮವು ಕೂಡಿಟ್ಟ ಧನದಂತೆ ಉಳಿದು, ವಸಂತದಲ್ಲಿ ಮೆಲ್ಲಮೆಲ್ಲನೆ ಕರಗಿ ನೆಲಕ್ಕಿಳಿಯುತ್ತದೆ. ಅಲ್ಲಿಯ ಎಳೆಬಿಸಿಲಿಗೆ ಅದನ್ನೆಲ್ಲ ಹೀರುವ ಶಕ್ತಿಯಿಲ್ಲ.

ಚಿತ್ರದುರ್ಗದ ಕಥೆಯೇ ಬೇರೆ. ನೈಋತ್ಯ ಮಾರುತವು ಅರಬ್ಬೀ ಸಮುದ್ರದಿಂದ ಹೊತ್ತು ತಂದ ನೀರಿನ ಬಹುಭಾಗವನ್ನು ಸಹ್ಯಾದ್ರಿಯ ಪಡುವಣ ಮಗ್ಗುಲಲ್ಲಿಯೇ ಸುರಿದುಬಿಡುತ್ತದೆ. ಮಲೆ ದಾಟಿದ ಗಾಳಿಯಲ್ಲಿ ರಭಸ ಹೆಚ್ಚು, ನೀರು ಕಡಿಮೆ. ಬೆಟ್ಟಗಳ ಮೇಲೆ ಸಾಲುಗಟ್ಟಿದ ಗಾಳಿಯಂತ್ರಗಳು ತಿರುಗುತ್ತಿದ್ದರೂ ಕೆಳಗಿನ ಹೊಲ ಬಾಯಿಬಿಟ್ಟಿರುವುದುಂಟು. ಪಶ್ಚಿಮದ ಹೊಳಲ್ಕೆರೆಯಲ್ಲಿ ಮಳೆ ತುಸು ಹೆಚ್ಚು. ಅಲ್ಲಿ ಅಡಕೆ, ತೆಂಗಿನ ತೋಟಗಳಿವೆ. ಹೊಸದುರ್ಗದ ಒಕ್ಕಲು ಅಲ್ಪ ತೇವಕ್ಕೇ ಫಲ ಕೊಡುವ ಸಾವೆ, ರಾಗಿಗಳನ್ನು ನಂಬಿದೆ. ಮೂಡಣ ಹಿರಿಯೂರನ್ನು ಮುಟ್ಟುವ ವೇಳೆಗೆ ಮೋಡವು ಇನ್ನಷ್ಟು ಬಡವಾಗುತ್ತದೆ. ಉತ್ತರೆ, ಹಸ್ತ, ಚಿತ್ತೆಯ ಮಳೆಗಳೇ ಈ ಸೀಮೆಗೆ ಮುಖ್ಯ ಆಸರೆ. ಅವು ಬಂದರೂ ಕೆಲವೇ ದಿನ ಬಡಿದು ಹೋಗುತ್ತವೆ. ಅರ್ಧ ನೀರು ಹಳ್ಳ ಹಿಡಿದು ಹರಿದರೆ, ಉಳಿದುದನ್ನು ಬಿಸಿಲು ಕುಡಿಯುತ್ತದೆ.

ಅಲ್ಲಿ ಹಿಮವು ಮಾಡುವ ಕೆಲಸವನ್ನು ಇಲ್ಲಿ ಮನುಷ್ಯನೇ ಮಾಡಬೇಕು. ಈ ಸತ್ಯವನ್ನು ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಿನ ನೀರು ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ; ಅಲ್ಲಿಂದ ಸಿಹಿನೀರು ಹೊಂಡಕ್ಕೂ ಕಡೆಗೆ ಊರೊಳಗಿನ ಸಂತೆಹೊಂಡಕ್ಕೂ ಹರಿಯುತ್ತದೆ. ಬಂಡೆಯ ಮೇಲೆ ಬಿದ್ದ ಹನಿಯನ್ನೂ ಅವರು ಸುಮ್ಮನೆ ಬಿಟ್ಟವರಲ್ಲ.

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವೂ ಅದೇ ವಿವೇಕದ ಫಲ. 1898ರಲ್ಲಿ ಆರಂಭವಾದ ಕೆಲಸ 1907ರಲ್ಲಿ ಮುಗಿಯಿತು. 1933ರಲ್ಲಿ ಅದು ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಮೊದಲ ಕೋಡಿಯನ್ನು ಕಂಡ ಬಾಲಕನು ಎರಡನೆಯದನ್ನು ಕಾಣಬೇಕಾದರೆ ತೊಂಬತ್ತು ವರ್ಷ ದಾಟಿ ಬದುಕಬೇಕಾಗಿತ್ತು! ಹಾಗೆಂದು ನಡುವಣ 89 ವರ್ಷಗಳು ವ್ಯರ್ಥವಾಗಲಿಲ್ಲ. ತುಂಬಿ ಹರಿಯದಿದ್ದರೂ ಆ ಜಲಾಶಯವು ತನ್ನಲ್ಲಿದ್ದುದನ್ನು ಹೊಲಗಳಿಗೂ ಊರುಗಳಿಗೂ ಹಂಚುತ್ತಲೇ ಬಂದಿತು.

ಮುಗಿಲು ಎಷ್ಟು ಕೊಟ್ಟೀತೆಂಬುದು ಮನುಷ್ಯನ ಕೈಯಲ್ಲಿಲ್ಲ. ಕೊಟ್ಟುದರಲ್ಲಿ ಎಷ್ಟನ್ನು ಉಳಿಸಿಕೊಂಡನೆಂಬ ಲೆಕ್ಕವನ್ನು ಮಾತ್ರ ಅವನು ಒಪ್ಪಿಸಲೇಬೇಕು. ಹೂಳು ತುಂಬಿದ ಪ್ರತಿಯೊಂದು ಕೆರೆಯೂ ಅದನ್ನೇ ಕೇಳುತ್ತಿದೆ.