ಮತ್ತೆ ಧಾರವಾಡಕ್ಕೆ

ಧಾರವಾಡಕ್ಕೆ ಒಮ್ಮೆ ಹೋಗಿಬರಬೇಕೆಂದು ನಾವು ಮೂವರು ಗೆಳೆಯರು ಮಾತಾಡಿಕೊಳ್ಳುತ್ತ ಹದಿಮೂರು ವರ್ಷ ಕಳೆದಿದ್ದೆವು. ಮಾತಾಡಿಕೊಳ್ಳುವುದಕ್ಕೆ ರಜೆ ಬೇಕಿಲ್ಲ, ಟಿಕೀಟು ಬೇಕಿಲ್ಲ; ಲೋಕಲ್ ಗಾಡಿಯ ಬಾಗಿಲಲ್ಲಿ ಜೋತುಬಿದ್ದುಕೊಂಡೂ ಮಾತಾಡಬಹುದು. ನಮ್ಮಲ್ಲಿ ಒಬ್ಬನು ಡೋಂಬಿವಿಲಿಯವನು, ಒಬ್ಬನು ಠಾಣೆಯವನು, ಮತ್ತೊಬ್ಬನು ಪುಣೆಯವನು. ಮೂವರೂ ಸರಕಾರಿ ಕಚೇರಿಗಳಲ್ಲಿ ಕಾರಕೂನರು. ವರ್ಷಕ್ಕೊಮ್ಮೆ ನಮ್ಮ ನಮ್ಮ ಹಳ್ಳಿಗಳಿಗೆ ಹೋಗುವಾಗ ಗಾಡಿ ಧಾರವಾಡದಲ್ಲಿ ನಿಲ್ಲುತ್ತಿತ್ತು. ಕಿಡಿಕಿಯಿಂದ ಇಣುಕಿ ನೋಡುತ್ತಿದ್ದೆವು, ಇಳಿಯುತ್ತಿರಲಿಲ್ಲ. ಇಳಿಯದಿರುವುದಕ್ಕೆ ಒಂದು ಕಾರಣವಿತ್ತು. ಅದೊಂದನ್ನು ಮಾತ್ರ ನಾವು ಮಾತಾಡುತ್ತಿರಲಿಲ್ಲ.

ಓದುವ ಕಾಲಕ್ಕೆ ಸಪ್ತಾಪುರದ ಒಂದು ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಜಾಣನೆಂದರೆ ಆ ನಾಲ್ಕನೆಯವನೇ. ಕರೆಂಟು ಹೋದ ರಾತ್ರಿಗಳಲ್ಲಿ ಮೇಣಬತ್ತಿ ಹಚ್ಚಿಕೊಂಡು ನಮಗೆ ಇಂಗ್ಲಿಷನ್ನೂ ಲೆಕ್ಕವನ್ನೂ ತಿದ್ದಿದವನು ಅವನು. ಬಿ.ಎ. ಮುಗಿಸಿ 2011 ರಲ್ಲಿ ನೌಕರಿಯ ಪರೀಕ್ಷೆಗೆ ನಾಲ್ವರೂ ಕುಳಿತೆವು. ಅವನ ಟಿಪ್ಪಣಿಗಳನ್ನೋದಿ ನಾವು ಮೂವರು ಪಾಸಾದೆವು. ಅವನ ಹೆಸರು ಬರಲಿಲ್ಲ. ಅವನು ಊರಿಗೆ ಹೋಗಿದ್ದಾಗಲೇ ನಮಗೆ ಕರೆ ಬಂದಿತು. ಗಂಟುಮೂಟೆ ಕಟ್ಟಿ ಹೊರಟೇಬಿಟ್ಟೆವು. ಅವನಿಗೆ ಮುಖ ತೋರಿಸುವ ಪ್ರಸಂಗ ತಪ್ಪಿತೆಂದು ಒಳಗೊಳಗೆ ಹಗುರಾಗಿದ್ದೆವೆಂಬುದನ್ನು ಈಗಲಾದರೂ ಒಪ್ಪಿಕೊಳ್ಳಬೇಕು. 2018 ರಲ್ಲಿ ಅವನ ತಂದೆ ತೀರಿಕೊಂಡಾಗ ಮೊಬೈಲಿನಲ್ಲಿ ನಾಲ್ಕು ಸಾಲು ಸಂತಾಪ ಕಳಿಸಿ ಸುಮ್ಮನಾದೆವು. ತಿಂಗಳಿಗೊಮ್ಮೆ ರೊಟ್ಟಿಯ ಗಂಟು ಹೊತ್ತು ಕೋಣೆಗೆ ಬರುತ್ತಿದ್ದ ತಂದೆ ಅವರು. ಆ ಗಂಟಿನಲ್ಲಿ ಮುಕ್ಕಾಲು ಪಾಲು ನಮ್ಮ ಹೊಟ್ಟೆಗೇ ಹೋಗುತ್ತಿತ್ತು.

ಅಂತೂ 2024 ರ ದೀಪಾವಳಿಯ ರಜೆಯಲ್ಲಿ ಹೊರಟೆವು. ಲೋಂಡಾ ದಾಟಿ ಅಳ್ನಾವರ ಬರುವ ಹೊತ್ತಿಗೆ ಮೂವರಿಗೂ ಮಾತು ಕಡಿಮೆಯಾಗಿತ್ತು. ಸ್ಟೇಶನ್ನಿಗೆ ಬರಬೇಡವೆಂದು ಅವನಿಗೆ ಮೊದಲೇ ತಿಳಿಸಿದ್ದೆವು. ಬಂದು ನಿಂತಿದ್ದ. ತಲೆಯ ಮುಂಭಾಗ ಬೋಳಾಗಿದೆ, ನಗೆ ಮಾತ್ರ ಹಳೆಯದೇ.

“ಬರ್ರೆಪಾ ಸಾಹೇಬರ! ಗಾಡಿ ಧಾರವಾಡದಾಗ ನಿಲ್ಲತೈತಿ ಅಂತ ಈಗರ ಗೊತ್ತಾತಲ್ಲ!”

ಆ ದಿನವೆಲ್ಲ ಅವನೇ ನಮ್ಮನ್ನು ತಿರುಗಾಡಿಸಿದನು. ರಸ್ತೆ ಅಗಲವಾಗಿದೆ, ಅದಕ್ಕಾಗಿ ಮರಗಳು ಹೋಗಿವೆ. ನಾವು ಓದುವಾಗ ಹುಬ್ಬಳ್ಳಿಗೆ ಬೇಂದ್ರೆ ಸಾರಿಗೆಯ ಬಸ್ಸಿನಲ್ಲಿ ತುಂಬಿಕೊಂಡು ಹೋಗುತ್ತಿದ್ದೆವು. ಈಗ ನಡುರಸ್ತೆಯಲ್ಲಿ ತನ್ನದೇ ಹಾದಿ ಮಾಡಿಕೊಂಡು ‘ಚಿಗರಿ’ ಓಡುತ್ತಿತ್ತು. ಹೆಸರೇನೋ ಚೆನ್ನಾಗಿದೆ, ನೆರಳು ಮಾತ್ರ ಇಲ್ಲ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟದ ಮುಂದೆ ಸ್ವಲ್ಪ ಹೊತ್ತು ನಿಂತೆವು. ಕಾರ್ನಾಡರ ‘ಯಯಾತಿ’ 1961 ರಲ್ಲಿ ಪ್ರಕಟವಾದದ್ದು ಈ ಗ್ರಂಥಮಾಲೆಯಿಂದ. ಓದುವಾಗ ನಾವು ಒಮ್ಮೆಯೂ ಆ ಅಟ್ಟ ಹತ್ತಿದವರಲ್ಲ. ಎದುರಿನಲ್ಲಿ ಗಿರಮಿಟ್ ತಿಂದು ಹೋದವರು.

ಕಾಲೇಜು ಇದ್ದಂತೆಯೇ ಇದೆ. 1917 ರಲ್ಲಿ ಆರಂಭವಾದ ನಮ್ಮ ಕರ್ನಾಟಕ ಕಾಲೇಜಿಗೆ ಮುಂದೆ ದೊರೆತ ಆ ದೊಡ್ಡ ಕಟ್ಟಡ ಮೊದಲು ಸದರ್ನ್ ಮರಾಠಾ ರೇಲ್ವೆಯ ಕಚೇರಿಯಾಗಿತ್ತು. “ಅದಕ್ಕ ಇಲ್ಲಿ ಕಲತವರು ಕಾರಕೂನರಾಗತೀವಿ. ಗೋಡಿಯೊಳಗಿನ ಗುಣ,” ಎಂದನು ಪುಣೆಯವನು. ವಿಶ್ವವಿದ್ಯಾಲಯದ ಕಥೆ ನಮ್ಮದಕ್ಕೆ ತಿರುವುಮುರುವು. ಅದು 1949 ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದು ನೆಲೆಸಿತು. ನಾವು ಧಾರವಾಡದಲ್ಲಿ ಬೆಳೆದು ಆ ದಿಕ್ಕಿಗೆ ಹೋದೆವು.

ಸಪ್ತಾಪುರದಲ್ಲಿ ನಮ್ಮ ಖಾನಾವಳಿ ಇರಲಿಲ್ಲ. ಆ ಜಾಗದಲ್ಲಿ ಝರಾಕ್ಸ್ ಅಂಗಡಿ. ಓಣಿಯ ತುಂಬ ಸ್ಪರ್ಧಾ ಪರೀಕ್ಷೆಯ ಕ್ಲಾಸುಗಳ ಬೋರ್ಡು. ಬೆನ್ನಿಗೆ ಚೀಲ ಹಾಕಿಕೊಂಡು ಹುಡುಗರು, ಹುಡುಗಿಯರು ಹೋಗುತ್ತಿದ್ದರು. ಅವರಲ್ಲಿ ಕೆಲವರು ನಿಂತು ನಮ್ಮ ಗೆಳೆಯನಿಗೆ “ನಮಸ್ಕಾರ್ರೀ ಸರ್” ಎಂದರು. ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು.

ಸಂಜೆ ಕೆಲಗೇರಿಯ ಕೆರೆಯ ದಂಡೆಯ ಮೇಲೆ ಕುಳಿತಾಗ ಅವನು ತಟ್ಟನೆ ಕೇಳಿದನು: “ಅಲ್ಲೋ, ಆ ಕೊನಿ ತಿಂಗಳ ಬಾಡಿಗಿ ನಿಮ್ಮೊಳಗ ಯಾರು ಕೊಟ್ಟಿದ್ರಿ?”

ಕೋಣೆಗೆ ಆಗ ಎರಡು ಸಾವಿರ, ತಲೆಗೆ ಐನೂರು. ಠಾಣೆಯವನು ಕೊಟ್ಟನೆಂದು ಡೋಂಬಿವಿಲಿಯವನ ನಂಬಿಕೆ. ಪುಣೆಯವನು ಕೊಟ್ಟನೆಂದು ಠಾಣೆಯವನದು. ಪುಣೆಯವನಿಗೆ ಬಾಡಿಗೆಯ ನೆನಪೇ ಇರಲಿಲ್ಲ. ಮೂವರಲ್ಲಿ ಒಬ್ಬನೂ ಕೊಟ್ಟಿರಲಿಲ್ಲ.

ನಾವು ಹೋದ ಮೇಲೆ ಮಾಲಕರು ಅವನ ಬೆನ್ನು ಹತ್ತಿದರಂತೆ. ಕೈಯಲ್ಲಿ ರೊಕ್ಕವಿಲ್ಲ. ಮಾಲಕರ ಮೊಮ್ಮಗ ಹತ್ತನೆಯ ಇಯತ್ತೆಯ ಇಂಗ್ಲಿಷಿನಲ್ಲಿ ಕುಳಿತುಬಿಟ್ಟಿದ್ದ. ಬಾಕಿ ತೀರುವವರೆಗೆ ಅವನಿಗೆ ಕಲಿಸುವುದೆಂದು ಠರಾವಾಯಿತು. ಹುಡುಗ ಪಾಸಾದ. ಓಣಿಯ ಇನ್ನಿಬ್ಬರು ಬಂದರು, ಆಮೇಲೆ ಎಂಟು ಜನ. ಈಗ ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು.

“ನಿಮ್ಮ ಬಾಕಿ ಮ್ಯಾಲೆನ ನಮ್ಮ ಕ್ಲಾಸು ನಿಂತೈತಿ,” ಎಂದು ಅವನು ನಕ್ಕನು. ನಾವೂ ನಕ್ಕೆವು, ಸ್ವಲ್ಪ ಹೆಚ್ಚಾಗಿಯೇ. ನಮ್ಮ ಮನಸ್ಸು ಹಗುರಾಗಲೆಂದೇ ಅವನು ಕಥೆಯನ್ನು ಅಷ್ಟು ಚಂದ ಮಾಡಿ ಹೇಳಿದನೇನೋ ಎಂಬ ಸಂಶಯ ನಮಗೆ ಈಗಲೂ ಇದೆ.

ನಗೆ ನಿಂತ ಮೇಲೆ ಅವನು ನೀರಿನ ಕಡೆಗೆ ನೋಡುತ್ತ, “ರೊಕ್ಕದ ಮಾತು ಬಿಡ್ರಿ. ಅಪ್ಪ ಹೋದಾಗ ಒಬ್ಬರರ ಬರಬೇಕಿತ್ತು,” ಎಂದನು.

ಎಂಥ ಪತ್ರ ಬಂದರೂ ಮೂರು ದಿನಗಳಲ್ಲಿ ಉತ್ತರ ತಯಾರಿಸಿ ಸಹಿಗೆ ಇಡುವವರು ನಾವು. ಅಂದು ಮೂವರಿಗೂ ಒಂದು ಶಬ್ದ ಹೊಳೆಯಲಿಲ್ಲ. ರಜೆ ಸಿಗಲಿಲ್ಲವೆನ್ನಬಹುದಿತ್ತು. ಆದರೆ ರಜೆಯನ್ನು ಕೇಳಿಯೇ ಇರಲಿಲ್ಲ. ಡೋಂಬಿವಿಲಿಯವನು “ತಪ್ಪಾತೋ” ಎಂದು ಬಾಯಿಬಿಟ್ಟಾಗ ಕತ್ತಲಾಗಿತ್ತು. ಅವನು ಹೌದೆನ್ನಲೂ ಇಲ್ಲ, ಇರಲಿಬಿಡು ಎನ್ನಲೂ ಇಲ್ಲ. “ಏಳ್ರಿ, ಅವ್ವ ರೊಟ್ಟಿ ಬಡ್ಯಾಕತ್ತಾಳ,” ಎಂದು ಎದ್ದನು.

ಮನೆಯಲ್ಲಿ ತಂದೆಯ ಪಟಕ್ಕೆ ಕೈಮುಗಿದೆವು. ಅವ್ವನಿಗೆ ನಮ್ಮ ಹೆಸರುಗಳು ಮರೆತಿದ್ದವು. ಯಾರಿಗೆ ಶೇಂಗಾ ಹಿಂಡಿ, ಯಾರಿಗೆ ಝುಣಕ, ಯಾರು ಕೆನೆಮೊಸರು ಕದ್ದು ತಿನ್ನುತ್ತಿದ್ದರು ಎಂಬುದೆಲ್ಲ ನೆನಪಿತ್ತು. ಅವರ ಗಂಡ ಗಂಟು ಬಿಚ್ಚುವ ಮೊದಲು ಬಂದು ಎಲ್ಲವನ್ನೂ ವರದಿ ಮಾಡುತ್ತಿದ್ದರಂತೆ. “ಈ ಸಲ ಝುಣಕ ಭಾಳ ಕಟ್ಟು, ಆ ಹುಡುಗ ತಿಂತಾನ, ಅಂತಿದ್ರು,” ಎಂದು ಹೇಳುತ್ತ ಠಾಣೆಯವನಿಗೆ ಇನ್ನೊಂದು ರೊಟ್ಟಿ ಹಾಕಿದರು. ಅವನು ಬೇಡವೆನ್ನದೆ, ತಲೆಯೆತ್ತದೆ ಉಂಡನು.

ಮರುದಿನ ಸಂಜೆ ಸ್ಟೇಶನ್ನಿನಲ್ಲಿ ಮೂವರೂ ಐನೂರರ ಒಂದೊಂದು ನೋಟು ತೆಗೆದು ಅವನ ಮುಂದೆ ಹಿಡಿದೆವು. ಹಿಡಿಯುವಾಗಲೇ ನಾಚಿಕೆಯಾಯಿತು, ಇವನು ಸಿಟ್ಟಾಗುತ್ತಾನೆಂದುಕೊಂಡೆವು. ಅವನು ಸಾವಕಾಶವಾಗಿ ಒಂದು, ಎರಡು, ಮೂರು ಎಂದೆಣಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡನು.

“ಅಸಲು ಮುಟ್ಟಿತು. ಬಡ್ಡಿ ಪಂಚಮಿಗೆ ಹೆಂಡರು ಮಕ್ಕಳನ್ನ ಕರಕೊಂಡು ಬಂದು ಕೊಡ್ರಿ. ಅವ್ವ ಉಂಡಿ ಕಟ್ಟತಾಳ.”

ಗಾಡಿ ಸೀಟಿ ಹಾಕಿತು.