ಸವುಳು ನೀರಿನ ಸೀಮೆಯಲ್ಲಿ ಇಬ್ಬನಿ ಗಿಡ

ಕೀಟಾಹಾರಿ ಗಿಡಗಳು ಬಡ ನೆಲದ ಸಂತಾನ. ಸಾರಜನಕಕ್ಕೆ ಬರವಿರುವ ಜೌಗಿನಲ್ಲಿ, ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಹುಟ್ಟಿ, ನೆಲ ಕೊಡದ್ದನ್ನು ಇರುವೆ, ನುಸಿಗಳಿಂದ ವಸೂಲು ಮಾಡಿಕೊಳ್ಳುತ್ತವೆ. ಕೊಟ್ಟೂರು, ಕೂಡ್ಲಿಗಿ ಕಡೆ ಇವನ್ನು ಸಾಕುವವರು ಮೊದಲು ಬಿಡಬೇಕಾದದ್ದು ಹೊಲದ ಬುದ್ಧಿಯನ್ನು. ಜೋಳಕ್ಕೆ ಒಲಿಯುವ ಎರೆಮಣ್ಣು ಇವಕ್ಕೆ ಆಗದು; ಒಂದು ಹಿಡಿ ತಿಪ್ಪೆಗೊಬ್ಬರ ಸಾಕು, ಬೇರು ಸುಟ್ಟುಹೋಗುತ್ತದೆ.

ಅಂಗಡಿಯಲ್ಲಿ ಕಣ್ಸೆಳೆಯುವ ವೀನಸ್ ಫ್ಲೈಟ್ರ್ಯಾಪ್ ಅಮೆರಿಕದ ಕೆರೊಲಿನಾ ಸೀಮೆಯದು. ಅದಕ್ಕೆ ವರ್ಷಕ್ಕೊಮ್ಮೆ ಚಳಿಗಾಲದ ನಿದ್ದೆ ಬೇಕು, ಆ ಚಳಿ ಇಲ್ಲಿಲ್ಲ. ಮೇಘಾಲಯದ ಹೂಜಿ ಗಿಡಕ್ಕೆ ತೇವದ ಗಾಳಿ ಬೇಕು, ಏಪ್ರಿಲ್‌ನ ಬಿಸಿಗಾಳಿಗೆ ಅದರ ಹೂಜಿಗಳು ತುದಿಯಿಂದಲೇ ಒಣಗುತ್ತವೆ. ಹೊಂದುವವು ಕರ್ನಾಟಕದಲ್ಲೇ ಕಾಡುಗಿಡಗಳಾಗಿರುವ ಇಬ್ಬನಿ ಗಿಡಗಳು: ನೆಲಕ್ಕಂಟಿ ನಾಣ್ಯದಗಲ ಹರಡುವ ಡ್ರಾಸೆರಾ ಬರ್ಮಾನಿ, ನೆಟ್ಟಗೆ ಏಳುವ ಡ್ರಾಸೆರಾ ಇಂಡಿಕಾ. ಬಂಡೆಗಳಿಂದ ಕಿತ್ತು ತರುವುದು ಬೇಡ. ಬೆಳೆಸುವವರಿಂದ ಚಿಟಿಕೆ ಬೀಜ ಪಡೆದರೆ ಸಾಕು.

ಗೆಲುವು ಸೋಲು ನಿಂತಿರುವುದು ನೀರಿನ ಮೇಲೆ. ಕೊಡದ ತಳದಲ್ಲಿ ಬಿಳಿ ಪೊರೆ ಕಟ್ಟಿಸುವ ಬೋರಿನ ಸವುಳು ನೀರು ಕೆಲವೇ ವಾರಗಳಲ್ಲಿ ಗಿಡವನ್ನು ಕೊಲ್ಲುತ್ತದೆ. ಕಾಯಿಸಿದರೆ ಲವಣ ಹೋಗುವುದಿಲ್ಲ. ಮಳೆ ನೀರು ಶ್ರೇಷ್ಠ. ಆದರೆ ಮಣ್ಣಿನ ಮಾಳಿಗೆಯಿಂದ ಇಳಿದದ್ದಲ್ಲ, ಮಾಳಿಗೆಗೆ ಹಾಕುವುದೇ ಚೌಳು ಮಣ್ಣು! ಅಂಗಳದಲ್ಲಿ ತೆರೆದಿಟ್ಟ ಬಾನಿಯ ನೀರೇ ವಾಸಿ. ಮಳೆ ಕೈಕೊಟ್ಟರೆ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕವಿದೆ. ಅಲ್ಲಿನ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, 50ರೊಳಗಿದ್ದರೆ ಚಿಂತೆಯಿಲ್ಲ.

ಪ್ಲಾಸ್ಟಿಕ್ ಕುಂಡಕ್ಕೆ ಎರಡು ಪಾಲು ಕೊಕೊಪೀಟ್, ಒಂದು ಪಾಲು ದಪ್ಪ ಮರಳು. ಕೊಕೊಪೀಟ್‌ನಲ್ಲಿ ಉಪ್ಪಿರುತ್ತದೆ, ಮೂರ್ನಾಲ್ಕು ಸಲ ಮಳೆ ನೀರಿನಲ್ಲೇ ತೊಳೆಯಬೇಕು. ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟಾಗ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ, ಕೈಬಿಡಬೇಕು. ಮಣ್ಣಿನ ಕುಂಡ ಲವಣ ಹೀರಿ ಉಗುಳುವುದರಿಂದ ಬೇಡ. ಕುಂಡವನ್ನು ಎರಡು ಬೆರಳು ನೀರಿರುವ ತಟ್ಟೆಯಲ್ಲಿಟ್ಟು, ಬೆಳಗಿನ ಬಿಸಿಲು ಕೊಟ್ಟು, ಸೊಳ್ಳೆ ಮರಿಯಾಗದಂತೆ ವಾರಕ್ಕೊಮ್ಮೆ ನೀರು ಬದಲಿಸಿದರಾಯಿತು.

ಊಟದ ಚಿಂತೆ ಯಜಮಾನನಿಗೆ ಬೇಡ. ಎಲೆಯ ಕೆಂಪು ಕೂದಲುಗಳ ತುದಿಯಲ್ಲಿ ಅಂಟಿನ ಹನಿ ಹೊಳೆಯುತ್ತಿರುತ್ತದೆ. ಇರುವೆ ಕಾಲಿಟ್ಟಿತೋ, ಅಂಟಿಗೆ ಸಿಕ್ಕಿ ಒದ್ದಾಡುತ್ತದೆ. ಒದ್ದಾಡಿದಷ್ಟೂ ಹನಿಗಳು ಮೆತ್ತಿಕೊಳ್ಳುತ್ತವೆ. ಬರ್ಮಾನಿಯ ಅಂಚಿನ ಕೂದಲುಗಳಂತೂ ಕೆಲವೇ ಸೆಕೆಂಡಿನಲ್ಲಿ ಒಳಕ್ಕೆ ಬಾಗಿ ಬೇಟೆಯನ್ನು ನಡುವಿಗೆ ತಳ್ಳುತ್ತವೆ. ದಿನಗಳು ಕಳೆದು ಎಲೆ ಬಿಚ್ಚಿದಾಗ ಉಳಿಯುವುದು ಟೊಳ್ಳು ಚಿಪ್ಪು. ಡಾರ್ವಿನ್ ಇದರ ಸೋದರ ಗಿಡಕ್ಕೆ ಮಾಂಸ, ಮೊಟ್ಟೆ, ಹಾಲು ಎಲ್ಲ ಉಣಿಸಿ ನೋಡಿ 1875ರಲ್ಲಿ ಪುಸ್ತಕವನ್ನೇ ಬರೆದ. ಮನೆಯಲ್ಲಿ ಆ ಉಪಚಾರ ಮಾಡಿದರೆ ಎಲೆಗೆ ಬೂಷ್ಟು ಹಿಡಿಯುತ್ತದೆ.

ಹೂಬಿಟ್ಟು ಬೀಜ ಕಟ್ಟಿದ ಮೇಲೆ, ಬೇಸಿಗೆಯ ಹೊತ್ತಿಗೆ ಗಿಡ ಕಪ್ಪಾಗಿ ಸಾಯುವುದು ಸಹಜ. ಇವು ಒಂದು ವರ್ಷದ ಬಾಳಿನವು. ಒಣಗಿದ ತೊಟ್ಟನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಕಾಡಿಗೆಯ ಪುಡಿಯಂಥ ಬೀಜ ಉದುರುತ್ತದೆ. ಮುಂಗಾರು ಹಿಡಿದಾಗ ಅದನ್ನು ಒದ್ದೆ ಕೊಕೊಪೀಟ್ ಮೇಲೆ ಉದುರಿಸಬೇಕು, ಮಣ್ಣು ಮುಚ್ಚಬಾರದು. ಬೆಳಕು ಬಿದ್ದರೇ ಮೊಳಕೆ.