ಪಾಸು ಮಾಡಿಸುವ ಚಟ

ಮೇಷ್ಟರಾದವರಿಗೆ ಮಗು ತಡವರಿಸುವುದನ್ನು ನೋಡುತ್ತ ಸುಮ್ಮನಿರಲು ಬರುವುದಿಲ್ಲ. ಮಗ್ಗಿ ನಡುವೆ ನಿಂತರೆ ಮುಂದಿನ ಸಾಲು ಎತ್ತಿಕೊಡುತ್ತೇವೆ. ಓದುವಾಗ ತೊದಲಿದರೆ ಮೊದಲ ಅಕ್ಷರ ಹೇಳಿಕೊಡುತ್ತೇವೆ. ಪಾಠದಲ್ಲಿ ಇದು ಒಳ್ಳೆಯ ಗುಣವೇ. ಕಣ್ಣಿನ ತಪಾಸಣೆಯಲ್ಲಿ ಇದೇ ಗುಣ ನನ್ನ ಕೈಯಿಂದ ಒಂದು ಹುಡುಗಿಗೆ ಅನ್ಯಾಯ ಮಾಡಿಸಿತು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಕಣ್ಣಿನ ಮೊದಲ ಜರಡಿ ಮಾತ್ರ ಹಲವು ಕಡೆ ಶಿಕ್ಷಕರ ಕೈಯಲ್ಲೇ. ನನಗೂ ತರಬೇತಿ ಕೊಟ್ಟು, ನಾಲ್ಕು ದಿಕ್ಕಿಗೆ ತಿರುಗಿದ ಇಂಗ್ಲಿಷ್ 'ಇ' ಅಕ್ಷರದ ಚಾರ್ಟನ್ನೂ ಅಳತೆ ಟೇಪನ್ನೂ ಕೊಟ್ಟಿದ್ದರು. 6 ಮೀಟರ್ ದೂರ, ಒಂದೊಂದೇ ಕಣ್ಣು; ಅಕ್ಷರ ತಿರುಗಿದ ದಿಕ್ಕನ್ನು ಮಗು ಬೆರಳಿನಿಂದ ತೋರಿಸಬೇಕು. ಯಾವ ಕಣ್ಣಿಗಾದರೂ 6/9 ಸಾಲು ಕಾಣದಿದ್ದರೆ ಆಸ್ಪತ್ರೆಗೆ ಕಳಿಸಬೇಕು. ಸೂಚನೆ ಇಷ್ಟೇ.

ಕೊಠಡಿ ಚಿಕ್ಕದು. ಟೇಪು ಬಿಚ್ಚದೆ ಬಾಗಿಲ ಬಳಿ ಮಕ್ಕಳನ್ನು ನಿಲ್ಲಿಸಿದೆ. ಅದು ಮೂರು ಮೀಟರೂ ಇದ್ದಿರಲಾರದು. ಸಾಮಾನ್ಯ ಕಣ್ಣಿಗೆ 9 ಮೀಟರ್ ದೂರದಿಂದ ಕಾಣುವ ಸಾಲು ಈ ಮಗುವಿಗೆ 6 ಮೀಟರಿನಿಂದ ಕಾಣುತ್ತದೆಯೇ ಎಂಬುದೇ 6/9ರ ಲೆಕ್ಕ. ಅದರ ಅಕ್ಷರ ಸುಮಾರು 13 ಮಿಲಿಮೀಟರ್ ಎತ್ತರವಷ್ಟೆ. ದೂರವನ್ನು ಅರ್ಧ ಮಾಡಿದರೆ 6/18 ದೃಷ್ಟಿಯ ಮಗುವೂ ಅದನ್ನು ಓದಿಬಿಡುತ್ತದೆ. ಗೋಡೆಗೊರಗಿ ಸಾಲಾಗಿ ನಿಂತವರು ಮುಂದಿನವರ ಬೆರಳು ನೋಡಿ ಉತ್ತರ ಕಲಿತಿದ್ದರು. ಕಣ್ಣು ಮುಚ್ಚಲು ಅಂಗೈ ಬಳಸಬೇಕಿತ್ತು; ಅವರು ಬೆರಳು ಅಡ್ಡ ಹಿಡಿದರು, ಸಂದಿಯಿಂದ ನೋಡಿದರು.

ಎರಡನೇ ತರಗತಿಯ ಆ ಹುಡುಗಿ ಎಡಗಣ್ಣಿನ ಸರದಿಯಲ್ಲಿ ತಡೆದಳು. "ಸರಿಯಾಗಿ ನೋಡಮ್ಮಾ, ಹೆದರ್ಬೇಡ" ಎಂದೆ. ಬೆರಳು ಮೇಲಕ್ಕೆ ಹೋಯಿತು, ನನ್ನ ಮುಖ ನೋಡಿ ಬಲಕ್ಕೆ ತಿರುಗಿತು. "ಶಾಭಾಷ್!" ರಜಿಸ್ಟರಿನಲ್ಲಿ 'ಸಾಮಾನ್ಯ' ಎಂದು ಬರೆದೆ. ಆ ಪದ ನೋಡಿದ ಮೇಲೆ ಅವಳ ಕಣ್ಣನ್ನು ಮತ್ತೆ ಪರೀಕ್ಷಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ಐದನೇ ತರಗತಿಯಲ್ಲಿ ಖೊಖೊ ಆಡುವಾಗ ಅವಳ ಬಲಗಣ್ಣಿಗೆ ಧೂಳು ಬಿತ್ತು. ಅದನ್ನು ಮುಚ್ಚಿಕೊಂಡವಳು "ಸಾರ್, ಎಲ್ಲಾ ಮಂಜು ಮಂಜು" ಎಂದಳು. ಆಸ್ಪತ್ರೆಯಲ್ಲಿ ತೋರಿಸಿದಾಗ ಗೊತ್ತಾಯಿತು, ಎಡಗಣ್ಣಿಗೆ ಹೆಚ್ಚು ಪವರಿನ ಕನ್ನಡಕ ಬೇಕಿತ್ತು. ಅದಿಲ್ಲದೆ ಮಸುಕು ಚಿತ್ರವನ್ನೇ ಪಡೆಯುತ್ತಿದ್ದ ಮಿದುಳು ಆ ಕಣ್ಣನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಟ್ಟಿತ್ತು. ಇದು ಸೋಮಾರಿ ಕಣ್ಣು. ಒಳ್ಳೆಯ ಕಣ್ಣು ಇಬ್ಬರ ಕೆಲಸ ಮಾಡುತ್ತಿದ್ದುದರಿಂದ ಅವಳಿಗೂ ಕೊರತೆ ತಿಳಿದಿರಲಿಲ್ಲ. ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಹಾಕುವ ಚಿಕಿತ್ಸೆ ಏಳು ವರ್ಷದೊಳಗೆ ಚೆನ್ನಾಗಿ ಫಲಿಸುತ್ತದೆ; ವಯಸ್ಸು ಏರಿದಷ್ಟೂ ಫಲ ಇಳಿಯುತ್ತದೆ. "ಪ್ರಯತ್ನ ಮಾಡೋಣ, ಪೂರ್ತಿ ಬರುತ್ತೆ ಅಂತ ಹೇಳಲಾರೆ" ಎಂದರು ಡಾಕ್ಟರು. ಅವಳ ಅಪ್ಪ ನನ್ನನ್ನೇನೂ ಕೇಳಲಿಲ್ಲ. ನಾನೇ ಹೇಳಿದೆ.

ಈಗ ಜಗುಲಿಯಲ್ಲಿ 6 ಮೀಟರ್ ಅಳೆದು ಗೆರೆ ಎಳೆಸಿದ್ದೇನೆ. ಚಾರ್ಟಿಗೆ ಬೆಳಕು ಬೀಳಬೇಕು, ಮಗುವಿನ ಕಣ್ಣಿಗಲ್ಲ. ಒಂದು ಮಗು ಹೊರಗೆ, ಉಳಿದವರು ಒಳಗೆ. ಕಣ್ಣು ಒತ್ತದಂತೆ ಅಂಗೈಯನ್ನು ಬಟ್ಟಲು ಮಾಡಿ ಮುಚ್ಚಬೇಕು. ನಾನು ಹೂಂ ಅನ್ನುವುದಿಲ್ಲ, ತಲೆಯಾಡಿಸುವುದಿಲ್ಲ. ಹತ್ತಿರದ ಓದಿನ ತೊಂದರೆ ಈ ಚಾರ್ಟಿಗೆ ಸಿಗದೆ ಹೋಗಬಹುದು. ಹಾಗಾಗಿ ಎಲ್ಲ ಸಾಲು ಓದಿಯೂ ಪುಸ್ತಕ ಹಿಡಿದರೆ ತಲೆನೋವು ಎನ್ನುವ ಮಗುವನ್ನೂ ಆಸ್ಪತ್ರೆಗೆ ಕಳಿಸುವವರ ಪಟ್ಟಿಗೆ ಸೇರಿಸುತ್ತೇನೆ.

ಸರಿಯಿದ್ದ ಕಣ್ಣನ್ನು ಸುಮ್ಮನೆ ಕಳಿಸಿದರೆ ಮನೆಯವರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ ನಷ್ಟ. ಅದು ಸಣ್ಣದೆಂದು ನಾನು ಹೇಳುವುದಿಲ್ಲ. ಅವರು ಬೈದರೆ ಬೈಸಿಕೊಳ್ಳುತ್ತೇನೆ. ಕೂಲಿಯನ್ನು ಇನ್ನೊಂದು ದಿನ ದುಡಿದುಕೊಳ್ಳಬಹುದು. ಏಳನೇ ವರ್ಷ ಮತ್ತೆ ಬರುವುದಿಲ್ಲ. ಆದ್ದರಿಂದ ಸಂಶಯ ಬಂದಾಗ ಮಗುವನ್ನು ಫೇಲು ಮಾಡುವುದನ್ನು ಕಲಿತಿದ್ದೇನೆ.